ತೋಟಕ್ಕಿಳಿಯುವ ಕಣ್ಣಿಗೆ ಯಾವ ಆಪರೇಷನ್?

ಅಕ್ಕನ ಮಗ ಬೆಂಗಳೂರಿಗೆ ಹೋದವನು ಅಲ್ಲಿನ ಒಂದು ಕಣ್ಣಿನ ಆಸ್ಪತ್ರೆಯಿಂದ ಬಣ್ಣದ ಹಾಳೆಯೊಂದನ್ನು ತಂದಿದ್ದ. ಕನ್ನಡಕ ಬಿಡಿಸುವ ಆಪರೇಷನ್‌ಗಳ ಪಟ್ಟಿ ಅದು. ಮೇಲಿನ ಸಾಲಿನಲ್ಲಿ ಸಾದಾ ಲಾಸಿಕ್. ಅದರ ಕೆಳಗೆ ಬ್ಲೇಡ್ ಇಲ್ಲದ ಲಾಸಿಕ್. ಆಮೇಲೆ ಕಾಂಟೂರಾ, ಆಮೇಲೆ ಸ್ಮೈಲ್, ಕಟ್ಟಕಡೆಗೆ ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್. ಸಾಲು ಕೆಳಗಿಳಿದ ಹಾಗೆಲ್ಲ ರೇಟು ಮೇಲೇರುತ್ತದೆ. ಪಕ್ಕದಲ್ಲಿ ನಕ್ಷತ್ರಗಳು ಬೇರೆ. ಕಡಿಮೆ ದುಡ್ಡಿನದಕ್ಕೆ ಎರಡು ನಕ್ಷತ್ರ, ಜಾಸ್ತಿ ದುಡ್ಡಿನದಕ್ಕೆ ಐದು. ಹಾಳೆಯನ್ನು ನನ್ನ ಮುಂದೆ ಹರಡಿ, "ಮಾವ, ಇದರಲ್ಲಿ ಯಾವುದು ಬೆಸ್ಟು?" ಎಂದ.

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಆ ಹಾಳೆಯನ್ನು ನೋಡಿದಷ್ಟೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಅದರಲ್ಲಿ ಯಂತ್ರದ ಹೆಸರಿತ್ತು, ಎಷ್ಟು ನಿಮಿಷದಲ್ಲಿ ಮುಗಿಯುತ್ತದೆ ಅಂತ ಇತ್ತು, ಕಂತಿನ ಸೌಲಭ್ಯವೂ ಇತ್ತು. ಕಣ್ಣು ಯಾರದು, ಆ ಕಣ್ಣಿಟ್ಟುಕೊಂಡು ಅವನು ದಿನವಿಡೀ ಏನು ಮಾಡುತ್ತಾನೆ ಅನ್ನುವ ಮಾತೇ ಇರಲಿಲ್ಲ. ಬೆಂಗಳೂರಿನಲ್ಲಿ ಏಸಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನಿಗೂ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ದೋಟಿ (ಉದ್ದನೆಯ ಕೋಲು) ಹಿಡಿಯುವವನಿಗೂ ಅದೇ ಐದು ಸಾಲು, ಅವೇ ನಕ್ಷತ್ರಗಳು.

ಆಮೇಲೆ ಗೊತ್ತಾಗಿದ್ದು ಇನ್ನೊಂದು. ಇವನಿಗೆ ಕೊನೆಗೆ ಒಪ್ಪಿದ ಆಪರೇಷನ್ ಆ ಹಾಳೆಯಲ್ಲೇ ಇರಲಿಲ್ಲ.

ದೋಟಿ ಹಿಡಿದವನ ಕನ್ನಡಕ

ಅವನಿಗೆ ಈಗ 24. ಆಪರೇಷನ್ನಿಗೆ ಮೊದಲು ಎರಡೂ ಕಣ್ಣು ಮೈನಸ್ ಆರರ ಹತ್ತಿರ ಇದ್ದವು. ಮೈನಸ್ ಆರು ಅಂದರೆ ಕನ್ನಡಕ ತೆಗೆದರೆ ಸುಮಾರು 16-17 ಸೆಂಟಿಮೀಟರ್ ಆಚೆಗಿನದೆಲ್ಲ ಮಸುಕು. ಒಂದು ಗೇಣು ಕೂಡ ಇಲ್ಲ. ಅಂಗೈಯನ್ನು ಮುಖದ ಹತ್ತಿರ ಹಿಡಿದರೆ ರೇಖೆ ಕಾಣುತ್ತದೆ, ಕೈ ಚಾಚಿದರೆ ಬೆರಳೇ ಕರಗಿ ಹೋಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಈಗ ಮರ ಹತ್ತುವವರು ಸಿಗುವುದು ಕಷ್ಟ. ಹಾಗಾಗಿ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಅಷ್ಟೆತ್ತರದ ಅಡಿಕೆ ಕೊನೆಗೆ (ಗೊಂಚಲಿಗೆ) ಗುರಿಯಿಟ್ಟು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಹೊಡೆದದ್ದರಲ್ಲಿ ಅರ್ಧ ಕೊನೆಗೆ, ಉಳಿದದ್ದು ಹೊಡೆಯುವವನ ಮುಖಕ್ಕೆ. ಜೊತೆಗೆ ಸೋಗೆಯಿಂದ ತೊಟ್ಟಿಕ್ಕುವ ಮಳೆನೀರು, ಮೈಬೆವರಿನ ಹಬೆ. ಕನ್ನಡಕ ಹೊರಗಿನಿಂದ ನೀಲಿ, ಒಳಗಿನಿಂದ ಮಂಜು. ಟವೆಲ್‌ನಲ್ಲಿ ಒರೆಸಿದರೆ ಸುಣ್ಣದ ಕಣ ಗೀರು ಹಾಕುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಜೊತೆ ಗ್ಲಾಸು ಹಾಳು.

ಒಂದು ಆಷಾಢದಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹೀಗೇ ಹೊಡೆಯುತ್ತಿದ್ದೆವು. ಅವನು ದೋಟಿ ಹಿಡಿದಿದ್ದ, ನಾನು ಪಂಪಿನ ಹತ್ತಿರ ಇದ್ದೆ. ಒಣ ಸೋಗೆಯೊಂದು ಜಾರಿ ಬಂದು ಅವನ ಮುಖಕ್ಕೆ ಬಡಿಯಿತು. ಕನ್ನಡಕ ಹಾರಿ ಬಸಿಗಾಲುವೆಗೆ ಬಿತ್ತು. ಕನ್ನಡಕ ಹುಡುಕಲಿಕ್ಕೂ ಕನ್ನಡಕ ಬೇಕು, ಅದು ಆ ಪವರ್‌ನವರ ಹಣೆಬರಹ. ಅವನು ಮಂಡಿಯೂರಿ ಕೆಸರಿನಲ್ಲಿ ಕೈಯಾಡಿಸುತ್ತಿದ್ದ, ಉಂಬಳಗಳು ಸಿಕ್ಕಿದ್ದೇ ಚಾನ್ಸು ಅಂತ ಮೊಣಕೈವರೆಗೂ ಹತ್ತಿದ್ದವು. ಕೊನೆಗೆ ನಾನು ಹೋಗಿ ಎತ್ತಿಕೊಟ್ಟೆ. ಒಂದು ಕಾಲು ಮುರಿದಿತ್ತು. "ಸಾಕು ಮಾವ, ಈ ವರ್ಷ ಲೇಸರ್ ಮಾಡಿಸಿಬಿಡ್ತೀನಿ" ಎಂದು ಅವನು ಮೊದಲು ಹೇಳಿದ್ದು ಆವಾಗಲೇ.

ಸಂಜೆ ಬಚ್ಚಲೊಲೆಯ ಹತ್ತಿರ ಕೂತು ಆ ಕನ್ನಡಕಕ್ಕೆ ದಾರ ಸುತ್ತುವಾಗ ನಾನು ಬೇರೆ ಏನನ್ನೋ ಯೋಚಿಸುತ್ತಿದ್ದೆ. ಗ್ಲಾಸಿನ ಮೇಲೆಲ್ಲ ಒಣಗಿದ ನೀಲಿ ಚುಕ್ಕೆಗಳು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಈ ಕನ್ನಡಕ ಇಲ್ಲದಿದ್ದರೆ ಅಷ್ಟೂ ಚುಕ್ಕೆ ಕಣ್ಣಿಗೇ ಬೀಳುತ್ತಿತ್ತಲ್ಲ. ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ನಮ್ಮಲ್ಲಿ ಎಲೆಅಡಿಕೆ ಹಾಕುವವರ ಮನೆಯ ಮಕ್ಕಳಿಗೂ ಗೊತ್ತು. ಆ ಸೋಗೆ ಏಟು ಕೂಡ ಗ್ಲಾಸಿಗೆ ಬಿತ್ತು, ಕಣ್ಣಿಗೆ ಬೀಳಲಿಲ್ಲ. ಅವನು ಇಷ್ಟು ವರ್ಷ ಬೈದುಕೊಂಡು ಹೊತ್ತ ಕನ್ನಡಕ ಅವನ ಕಣ್ಣನ್ನು ಕಾಯುತ್ತಲೂ ಇತ್ತು. ಆಪರೇಷನ್ ಆದಮೇಲೆ ಆ ಕೆಲಸವನ್ನು ಯಾರು ಮಾಡುತ್ತಾರೆ?

(ಕಾಂಟ್ಯಾಕ್ಟ್ ಲೆನ್ಸ್ ಯಾಕಾಗಬಾರದು ಅಂತ ಕೇಳುವವರಿಗೆ: ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ. ಅಂಥ ನೀರು ಲೆನ್ಸಿಗೆ ತಾಗಿದರೆ ಅಕಾಂತಮೀಬಾ ಎಂಬ ಜೀವಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಸೇರಿಕೊಳ್ಳುವ ಅಪಾಯ ಇದೆ. ಅದು ಸುಲಭಕ್ಕೆ ಹೋಗುವ ಸೋಂಕಲ್ಲ. ಮೈಲುತುತ್ತ ಕಲಸಿದ ಕೈಯಲ್ಲಿ ಲೆನ್ಸ್ ತೆಗೆಯುವ ಮಾತಂತೂ ದೂರ.)

ಮೈಕ್ರಾನ್ ಲೆಕ್ಕ

ಎಲ್ಲ ಲೇಸರ್ ಆಪರೇಷನ್ನೂ ಮಾಡುವುದು ಒಂದೇ ಕೆಲಸ. ಕಣ್ಣಿನ ಮುಂದಿರುವ ಕಾರ್ನಿಯಾದಿಂದ ಸ್ವಲ್ಪ ಅಂಶ ತೆಗೆದು ಅದರ ಬಾಗುವಿಕೆ ಬದಲಿಸುವುದು. ಮೈನಸ್ ಪವರ್‌ನವರಿಗೆ ನಡುಭಾಗವನ್ನು ಚಪ್ಪಟೆ ಮಾಡುತ್ತಾರೆ. ವ್ಯತ್ಯಾಸ ಇರುವುದು ಆ ಜಾಗಕ್ಕೆ ಹೇಗೆ ತಲುಪುತ್ತಾರೆ ಅನ್ನುವುದರಲ್ಲಿ.

ಆ ಹಾಳೆಯಲ್ಲಿ ಇಲ್ಲದ ಪಿಆರ್‌ಕೆ ಎಂಬ ವಿಧಾನದಲ್ಲಿ ಕಾರ್ನಿಯಾದ ಮೇಲಿನ ತೆಳು ಚರ್ಮವನ್ನು ಕೆರೆದು ತೆಗೆದು, ಅದರ ಕೆಳಗೆ ನೇರವಾಗಿ ಲೇಸರ್ ಹಾಯಿಸುತ್ತಾರೆ. ಆ ಚರ್ಮ ಸುಮಾರು 50 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಕೆಲವು ದಿನದಲ್ಲಿ ಮತ್ತೆ ಬೆಳೆಯುತ್ತದೆ. ಲಾಸಿಕ್‌ನಲ್ಲಿ ನೂರರಿಂದ ನೂರಿಪ್ಪತ್ತು ಮೈಕ್ರಾನ್ ದಪ್ಪದ ಪದರವೊಂದನ್ನು ಒಂದು ಬದಿ ಅಂಟಿರುವ ಹಾಗೆ ಬಿಟ್ಟು ಎತ್ತುತ್ತಾರೆ, ಕೆಳಗೆ ಲೇಸರ್ ಹಾಯಿಸಿ ಪದರವನ್ನು ವಾಪಸ್ ಮುಚ್ಚುತ್ತಾರೆ. ಇದಕ್ಕೆ ಫ್ಲ್ಯಾಪ್ ಅನ್ನುತ್ತಾರೆ. ಬ್ಲೇಡ್ ಇಲ್ಲದ್ದು ಅಂದರೆ ಫ್ಲ್ಯಾಪನ್ನು ಬ್ಲೇಡ್ ಬದಲು ಇನ್ನೊಂದು ಲೇಸರಿನಿಂದ ಮಾಡುತ್ತಾರೆ ಅಷ್ಟೇ, ಫ್ಲ್ಯಾಪ್ ಇದ್ದೇ ಇರುತ್ತದೆ. ಕಾಂಟೂರಾ ಕೂಡ ಲಾಸಿಕ್ಕೇ, ಕಾರ್ನಿಯಾದ ಏರಿಳಿತದ ನಕ್ಷೆ ನೋಡಿಕೊಂಡು ಲೇಸರ್ ಹಾಯಿಸುತ್ತಾರೆ. ಸ್ಮೈಲ್‌ನಲ್ಲಿ ಫ್ಲ್ಯಾಪ್ ಇಲ್ಲ. ಕಾರ್ನಿಯಾದ ಒಳಗೇ ಲೇಸರಿನಿಂದ ಬಿಲ್ಲೆಯಾಕಾರದ ಒಂದು ತುಣುಕನ್ನು ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಸೀಳಿನಿಂದ ಎಳೆದು ತೆಗೆಯುತ್ತಾರೆ.

ಈಗ ಲೆಕ್ಕ. ಸಾಮಾನ್ಯವಾಗಿ ಕಾರ್ನಿಯಾ ನಡುವಲ್ಲಿ 540 ಮೈಕ್ರಾನ್ ಆಸುಪಾಸು ಇರುತ್ತದೆ. ನಮ್ಮ ಹುಡುಗನದು 490. ಆರೂವರೆ ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಪವರ್ ಇಳಿಸಲು ಸುಮಾರು 14 ಮೈಕ್ರಾನ್ ತೆಗೆಯಬೇಕು. ಆರು ಪವರ್‌ಗೆ 84. ಲಾಸಿಕ್ ಮಾಡಿದರೆ 490ರಲ್ಲಿ ಫ್ಲ್ಯಾಪಿನ 110 ಕಳೆದು, 84 ಕಳೆದರೆ ಕೆಳಗೆ ಉಳಿಯುವುದು 296. ಫ್ಲ್ಯಾಪ್ ವಾಪಸ್ ಮುಚ್ಚಿದರೂ ಅದು ಮೊದಲಿನ ಬಲದಲ್ಲಿ ಕೂಡಿಕೊಳ್ಳುವುದಿಲ್ಲ, ಹಾಗಾಗಿ ಕಣ್ಣಿನ ಒತ್ತಡ ತಡೆಯುವ ಕೆಲಸ ಈ 296ರದ್ದು. 250ಕ್ಕಿಂತ ಕಡಿಮೆ ಉಳಿಯಬಾರದು ಅನ್ನುವುದು ಹಳೆಯ ನಿಯಮ, 300 ಇರಲಿ ಅನ್ನುವವರು ಈಗ ಜಾಸ್ತಿ. ಅದಕ್ಕಿಂತ ತೆಳುವಾದರೆ ಕಾರ್ನಿಯಾ ವರ್ಷಗಳ ನಂತರ ಮುಂದಕ್ಕೆ ಉಬ್ಬಿಕೊಳ್ಳುವ ಅಪಾಯ ಹೆಚ್ಚುತ್ತದೆ. ಅದಾದರೆ ಕನ್ನಡಕದಿಂದಲೂ ಸರಿಹೋಗದ ಮಸುಕು ಬರುತ್ತದೆ. ಸ್ಮೈಲ್‌ನಲ್ಲಿ ಅದೇ ಪವರ್‌ಗೆ ತೆಗೆಯುವ ತುಣುಕು ಇನ್ನೂ ತುಸು ದಪ್ಪ. ಆದರೆ ಮೇಲಿನ ಪದರ ಹೆಚ್ಚುಕಡಿಮೆ ಇಡಿಯಾಗಿ ಉಳಿಯುವುದರಿಂದ ಅಲ್ಲಿ ಬಲದ ಲೆಕ್ಕ ಬೇರೆ ಅನ್ನುತ್ತಾರೆ. ಪಿಆರ್‌ಕೆಯಲ್ಲಿ 490ರಿಂದ 50 ಮತ್ತು 84 ಹೋದರೆ 356. ಆ 50 ಮತ್ತೆ ಬೆಳೆದು ಬರುತ್ತದೆ.

ನನಗೆ ಈ ಕಳೆಯುವ ಲೆಕ್ಕ ಅರ್ಥವಾದ ಮೇಲೆ ನಕ್ಷತ್ರದ ಹಾಳೆ ಮೇಲಿದ್ದ ಗೌರವ ಪೂರ್ತಿ ಹೋಯಿತು. ಅಲ್ಲಿ ಹೇಗೆ ತೆಗೆಯುತ್ತಾರೆ ಎಂಬುದಕ್ಕೆ ರೇಟು ಹಾಕಿದ್ದರು. ನಾವು ನೋಡಬೇಕಾದದ್ದು ಎಷ್ಟು ಉಳಿಯುತ್ತದೆ ಅನ್ನುವುದನ್ನು. ತೆಗೆದ ಮೈಕ್ರಾನನ್ನು ಯಾರೂ ವಾಪಸ್ ಕೊಡುವುದಿಲ್ಲ.

"ಏನು ಕೆಲಸ ಮಾಡ್ತೀಯಪ್ಪ?"

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಬಂದು, ಹೊಟ್ಟೆಗೆ ದೋಸೆ ಹಾಕಿಕೊಂಡು ಸರದಿಯಲ್ಲಿ ಕೂತೆವು. ಅಕ್ಕನೂ ಬಂದಿದ್ದಳು. ಅವಳ ಆತುರವೇ ಬೇರೆ. ಜಾತಕ ಹೊರಗೆ ಹಾಕುವ ಮೊದಲು ಮಗನ ಸೋಡಾಬುಡ್ಡಿ ಹೋಗಬೇಕು. ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗದಿರುವುದಕ್ಕೆ ಕನ್ನಡಕ ಕಾರಣ ಅಲ್ಲ ಅಂತ ನಾನು ಹೇಳಿದರೆ ಕೇಳುತ್ತಾಳಾ?

ಒಂದು ಯಂತ್ರದ ಮುಂದೆ ಗಲ್ಲ ಇಟ್ಟು ಕೂರಿಸಿದರು. ಕಂಪ್ಯೂಟರ್ ಪರದೆ ಮೇಲೆ ಕಾರ್ನಿಯಾದ ನಕ್ಷೆ ಬಂತು. ಹಸಿರು, ಹಳದಿ, ಅಲ್ಲಲ್ಲಿ ಕಿತ್ತಳೆ. ಕೆಳಭಾಗದಲ್ಲಿ ಕೆಂಪು ಗಡ್ಡೆ ಥರ ಬಂದರೆ ಕಾರ್ನಿಯಾ ತೆಳುವಾಗಿ ಉಬ್ಬುವ ಕೆರಟೋಕೋನಸ್ ಕಾಯಿಲೆಯ ಅನುಮಾನ, ಅಂಥವರಿಗೆ ಲಾಸಿಕ್ ಮುಟ್ಟಲೂಬಾರದು. ಇವನದು ಹಾಗಿರಲಿಲ್ಲ. ಆದರೂ ಡಾಕ್ಟರು ಎರಡೆರಡು ಸಲ ತೆಗೆಸಿದರು. "ಕಣ್ಣು ಉಜ್ಜುವ ಅಭ್ಯಾಸ ಇದೆಯಾ?" ಎಂದು ಕೇಳಿದರು. ಇವನು ಇಲ್ಲ ಎಂದ. ಅಕ್ಕ ಹಿಂದಿನಿಂದ, "ಅಡಿಕೆ ಸುಲಿಯೋ ಧೂಳಿಗೆ ದಿನಾ ಉಜ್ತಾನೆ ಸಾರ್" ಎಂದಳು. ಡಾಕ್ಟರು ಅದನ್ನು ಬರೆದುಕೊಂಡರು. ಜೋರಾಗಿ ಉಜ್ಜುವುದಕ್ಕೂ ಕಾರ್ನಿಯಾ ಉಬ್ಬುವ ಕಾಯಿಲೆಗೂ ನಂಟಿದೆ. ಮೊದಲೇ ತೆಳು ಇರುವವನಿಗೆ ಅದು ಸಣ್ಣ ಮಾತಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಕಾಯುತ್ತಿದ್ದೆ ಅನ್ನಿಸುತ್ತದೆ. "ಏನು ಕೆಲಸ ಮಾಡ್ತೀಯಪ್ಪ?" ಇವನು ತೋಟ, ದೋಟಿ, ಔಷಧಿ ಎಲ್ಲ ಹೇಳಿದ. ಸೋಗೆ ಬಿದ್ದದ್ದನ್ನೂ ಹೇಳಿದ. ಡಾಕ್ಟರು ಪೆನ್ ಕೆಳಗಿಟ್ಟರು. ಲಾಸಿಕ್ ಆದವರಿಗೆ ಕಣ್ಣಿಗೆ ಜೋರಾದ ಏಟು ಬಿದ್ದರೆ ಫ್ಲ್ಯಾಪ್ ಸರಿದ ಉದಾಹರಣೆಗಳಿವೆ, ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಹಾಗಾಗಿದೆ ಎಂದರು. ಬಾಕ್ಸಿಂಗ್, ಕುಸ್ತಿ ಮಾಡುವವರಿಗೆ ಪಿಆರ್‌ಕೆ ಹೇಳುವುದು ಅದಕ್ಕೇ. "ನಿನ್ನ ಮಟ್ಟಿಗೆ ತೋಟವೂ ಅದೇ" ಎಂದು ನಕ್ಕರು. ಸ್ಮೈಲ್‌ನಲ್ಲಿ ಫ್ಲ್ಯಾಪಿನ ಭಯ ಇಲ್ಲ, ಕಣ್ಣು ಒಣಗುವುದೂ ಕಡಿಮೆ, ಆದರೆ ಇವನ ದಪ್ಪಕ್ಕೆ ಅವರಿಗೆ ಮನಸ್ಸಿರಲಿಲ್ಲ. ಮುಂದೆ ಸ್ವಲ್ಪ ಪವರ್ ಉಳಿದು ತಿದ್ದಬೇಕಾಗಿ ಬಂದರೆ ಸ್ಮೈಲ್ ಆದವರಿಗೂ ಸಾಮಾನ್ಯವಾಗಿ ಪಿಆರ್‌ಕೆಯನ್ನೇ ಮಾಡುತ್ತಾರಂತೆ. ಉಳಿದದ್ದು ಎರಡು, ಪಿಆರ್‌ಕೆ ಅಥವಾ ಐಸಿಎಲ್.

ಕೊನೆಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಕಣ್ಣಿನ ಹಿಂಭಾಗ ನೋಡಿದರು. ಇದು ಯಾಕೆ ಅಂತ ಅಕ್ಕ ಕೇಳಿದಳು. ಜಾಸ್ತಿ ಮೈನಸ್ ಇರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಹಿಂದಿನ ರೆಟಿನಾ ಎಂಬ ಪರದೆ ಎಳೆದು ತೆಳುವಾಗಿರುತ್ತದೆ. ಮುಂದೆ ಲೇಸರ್ ಮಾಡಿದರೂ ಗುಡ್ಡೆಯ ಉದ್ದ ಕಡಿಮೆಯಾಗುವುದಿಲ್ಲ. ಕನ್ನಡಕ ಹೋದರೂ ಕಣ್ಣು ಮೈನಸ್ ಆರರ ಕಣ್ಣೇ. ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕೆಗಳು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಅವತ್ತೇ ಬರಬೇಕು ಎಂದರು. ಅಕ್ಕನಿಗೆ ಈ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಇಷ್ಟು ದುಡ್ಡು ಕೊಟ್ಟ ಮೇಲೂ ಕಣ್ಣು ಹಳೆಯದೇ ಅಂದರೆ ಹೇಗೆ?

ಹೊರಗೆ ಬಂದಾಗ ಇವನಿಗೆ ಬಿಸಿಲು ತಡೆಯಲಾಗುತ್ತಿರಲಿಲ್ಲ. ಗೋಪಿ ಸರ್ಕಲ್ ಹತ್ತಿರ ಅಕ್ಕನ ಸೆರಗು ಹಣೆಗೆ ಅಡ್ಡ ಹಿಡಿದುಕೊಂಡು ನಿಂತಿದ್ದ. ಅಲ್ಲಿ ಅವನ ಹಳೆಯ ಸಹಪಾಠಿಯೊಬ್ಬ ಸಿಕ್ಕಿದ. ಅವನೂ ಲಾಸಿಕ್ ಯೋಚನೆಯಲ್ಲಿದ್ದ, ರೈಲ್ವೆಯಲ್ಲಿ ಲೋಕೋ ಪೈಲಟ್ ಆಗಬೇಕಂತೆ. ಸಹಾಯಕ ಲೋಕೋ ಪೈಲಟ್ ಹುದ್ದೆಯ ಪ್ರಕಟಣೆಯಲ್ಲೇ, ಲಾಸಿಕ್ ಆಗಲಿ ದೃಷ್ಟಿ ತಿದ್ದುವ ಬೇರೆ ಆಪರೇಷನ್ ಆಗಲಿ ಮಾಡಿಸಿಕೊಂಡವರು ಅನರ್ಹರು ಅಂತ ಬರೆದಿರುತ್ತಾರೆ. ಪಾಪ, ಅದನ್ನು ಓದಿರಲಿಲ್ಲ. ಕೆಲಸಕ್ಕೋಸ್ಕರ ಆಪರೇಷನ್ ಮಾಡಿಸುವವರು ಮೊದಲು ಆ ಕೆಲಸದ ನಿಯಮ ಓದಬೇಕು. ಸೇನೆಗೊಂದು ನಿಯಮ, ರೈಲ್ವೆಗೊಂದು ನಿಯಮ.

ಟರ್ಕಿ ಕೋಳಿಯಿಂದ ಇಲ್ಲಿಯವರೆಗೆ

ಈ ವಿದ್ಯೆಯ ಹಿಂದೆ ಒಬ್ಬ ಮದ್ರಾಸಿನವರಿದ್ದಾರೆ ಅಂತ ತಿಳಿದಾಗ ನನಗೆ ಖುಷಿಯಾಯಿತು. ಅಮೆರಿಕದ ಐಬಿಎಂ ಕಂಪನಿಯಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಎಕ್ಸೈಮರ್ ಲೇಸರ್ ಹಾಯಿಸಿದರು. 193 ನ್ಯಾನೋಮೀಟರಿನ ಆ ಕಿರಣ ಸುತ್ತಲಿನ ಭಾಗವನ್ನು ಸುಡದೆ ಗೆರೆ ಕೊರೆದ ಹಾಗೆ ಕತ್ತರಿಸಿತು. ಒಂದೊಂದು ಮಿಡಿತಕ್ಕೆ ಕಾಲು ಮೈಕ್ರಾನಿನಷ್ಟು ಕಾರ್ನಿಯಾ ತೆಗೆಯುವ ಇವತ್ತಿನ ಯಂತ್ರಕ್ಕೆ ಅಲ್ಲಿಂದ ಶುರು. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಲೇಸರಿಗೆ ಒಪ್ಪಿಗೆ ಕೊಟ್ಟಿದ್ದು ಮೊದಲು ಪಿಆರ್‌ಕೆಗೇ. ಇವುಗಳಲ್ಲೆಲ್ಲ ಹಿರಿಯದು ಅದು. ಈಗ ಕೆಲವು ಕಡೆ ಅದನ್ನೇ ಮುಟ್ಟದ ಲೇಸರ್, ಹೊಸ ಲೇಸರ್ ಅಂತ ಬೇರೆ ಹೆಸರಿನಲ್ಲಿ ಮಾರುತ್ತಾರೆ.

ಆದರೆ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಲೇಸರಿಗೂ ಹಿಂದಿನ ಕಥೆ. ಸೋವಿಯತ್ ರಷ್ಯಾದ ಕಣ್ಣಿನ ಡಾಕ್ಟರು ಫ್ಯೋದೊರೋವ್ 1970ರ ದಶಕದಲ್ಲಿ ಕಾರ್ನಿಯಾದ ಮೇಲೆ ಚಕ್ರದ ಅರಗಳ ಹಾಗೆ ಬ್ಲೇಡಿನಿಂದ ಗೆರೆ ಕೊಯ್ದು ಪವರ್ ಇಳಿಸುವ ವಿಧಾನವನ್ನು ಹರಡಿದರು. ಜನ ಸಾಲುಗಟ್ಟಿ ಮಾಡಿಸಿಕೊಂಡರು. ಮಾರನೇ ದಿನವೇ ಕಾಣಿಸುತ್ತಿತ್ತು, ಎಲ್ಲರೂ ಖುಷಿ. ಅಮೆರಿಕದಲ್ಲಿ ಅದೇ ಆಪರೇಷನ್ ಆದವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ನೂರಕ್ಕೆ 43 ಕಣ್ಣು ಪ್ಲಸ್ ಕಡೆಗೆ ಒಂದು ಪವರ್ ಅಥವಾ ಅದಕ್ಕಿಂತ ಜಾಸ್ತಿ ಜಾರಿದ್ದವು. ಕೊಯ್ದ ಕಾರ್ನಿಯಾ ಸುಮ್ಮನೆ ಕೂತಿರಲಿಲ್ಲ, ವರ್ಷವರ್ಷವೂ ಚಪ್ಪಟೆಯಾಗುತ್ತಲೇ ಹೋಗಿತ್ತು. ಈಗಿನ ವಿಧಾನಗಳು ಅಷ್ಟು ಒರಟಲ್ಲ, ಲಾಸಿಕ್‌ಗೇ ಮೂವತ್ತು ವರ್ಷದ ಅನುಭವ ಇದೆ. ಆದರೂ "ಮಾರನೇ ದಿನ ಬೈಕ್ ಓಡಿಸಿದೆ" ಅನ್ನುವವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಹತ್ತು ವರ್ಷದ ಹಿಂದೆ ಮಾಡಿಸಿದವರು ಸಿಕ್ಕರೆ ಕೂರಿಸಿ ಕಾಫಿ ಕೊಟ್ಟು ಕೇಳುತ್ತೇನೆ.

ರಾತ್ರಿ ರಸ್ತೆ

ಹಾಗೆ ಸಿಕ್ಕ ಒಬ್ಬರು ಹೇಳಿದ್ದು: ಹಗಲು ಏನೂ ತೊಂದರೆ ಇಲ್ಲ, ರಾತ್ರಿ ಮಳೆಯಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಎದುರಿನ ಲಾರಿಯ ದೀಪದ ಸುತ್ತ ಬಳೆಗಳು ಕಾಣುತ್ತವೆ. ಅವರಿಗೆ ಅದು ಅಭ್ಯಾಸವಾಗಿದೆ. "ಕನ್ನಡಕಕ್ಕಿಂತ ವಾಸಿ" ಅಂತಲೇ ಹೇಳಿದರು.

ಎಫ್‌ಡಿಎ ನಡೆಸಿದ ಅಧ್ಯಯನವೂ ಇಂಥದ್ದನ್ನೇ ಹೇಳುತ್ತದೆ. ಮೊದಲು ಬಳೆ, ಚುಚ್ಚುಬೆಳಕು, ಜೋಡಿ ಬಿಂಬ ಇಂಥದ್ದೇನೂ ಕಾಣದಿದ್ದವರಲ್ಲಿ ಲಾಸಿಕ್ ಆಗಿ ಮೂರು ತಿಂಗಳಿಗೆ ನೂರಕ್ಕೆ 46ರವರೆಗೆ ಜನ ಒಂದಾದರೂ ಹೊಸ ಲಕ್ಷಣ ಹೇಳಿದರು. ಕಣ್ಣು ಒಣಗುವ ತೊಂದರೆ ಇಲ್ಲದವರಲ್ಲಿ ನೂರಕ್ಕೆ 30ರವರೆಗೆ ಅದು ಶುರುವಾಗಿತ್ತು. ಆದರೆ ದಿನನಿತ್ಯದ ಕೆಲಸಕ್ಕೆ ತುಂಬಾ ಅಡ್ಡಿಯಾಯಿತು ಅಂದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಈ ಮೂರು ಅಂಕಿಗಳನ್ನೂ ಒಟ್ಟಿಗೇ ಹೇಳಬೇಕು. ಮಾರುವವರು ಮೂರನೆಯದನ್ನು ಮಾತ್ರ ಹೇಳುತ್ತಾರೆ, ಹೆದರಿಸುವವರು ಮೊದಲನೆಯದನ್ನು ಮಾತ್ರ.

ಕತ್ತಲಾದ ಮೇಲೆ ಆಗುಂಬೆ ಘಾಟಿ ಇಳಿಯುವ ಡ್ರೈವರನಿಗೆ ಆ ಬಳೆ ದೊಡ್ಡ ವಿಷಯ. ಸಂಜೆ ಆರಕ್ಕೆ ಮನೆ ಸೇರಿ ಹಂಡೆಗೆ ಬೆಂಕಿ ಹಾಕುವವನಿಗೆ ಏನೂ ಅಲ್ಲ. ಕಣ್ಣು ಒಣಗುವುದೂ ಹಾಗೆ. ನಮ್ಮ ಮಳೆಗಾಲದ ಥಂಡಿ ಗಾಳಿಯಲ್ಲಿ ಅದು ಅಷ್ಟಾಗಿ ಕಾಡಲಿಕ್ಕಿಲ್ಲ, ಏಸಿಯಲ್ಲಿ ಪರದೆ ದಿಟ್ಟಿಸುವವರ ಪಾಡು ಬೇರೆ.

ಎಷ್ಟು ಕ್ವಿಂಟಾಲ್?

ಐಸಿಎಲ್ ಬಗ್ಗೆ ಅಕ್ಕನಿಗೆ ಒಲವಿತ್ತು. ಐದು ನಕ್ಷತ್ರ ಅಲ್ವಾ! ಇದರಲ್ಲಿ ಕಾರ್ನಿಯಾ ಕೆರೆಯುವುದಿಲ್ಲ. ಪಾಪೆಯ ಹಿಂದೆ, ಕಣ್ಣಿನ ಸ್ವಂತ ಲೆನ್ಸಿನ ಮುಂದೆ ತೆಳುವಾದ ಮೆದು ಲೆನ್ಸೊಂದನ್ನು ಮಡಚಿ ಒಳಗೆ ಕೂರಿಸುತ್ತಾರೆ. ಹೊಸ ಮಾದರಿಯಲ್ಲಿ ಕಣ್ಣಿನ ದ್ರವ ಹರಿಯಲು ನಡುವೆ 0.36 ಮಿಲಿಮೀಟರಿನ ತೂತು ಇರುತ್ತದೆ. ಬೇಡವಾದರೆ ಮುಂದೆ ತೆಗೆಯಬಹುದು. ಈ ಒಂದು ಗುಣ ಬೇರೆ ಯಾವುದಕ್ಕೂ ಇಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಮೈನಸ್ ಹತ್ತು, ಹನ್ನೆರಡು ಇರುವವರಿಗೆ ಲೇಸರಿಗಿಂತ ಇದೇ ಸರಿ.

ಆದರೆ ಇದು ಕಣ್ಣಿನ ಒಳಗಿನ ಆಪರೇಷನ್. ಸೋಂಕು ಅಪರೂಪ, ಆದರೆ ಬಂದರೆ ಗಂಭೀರ. ಲೆನ್ಸ್ ಅಳತೆ ಸರಿಯಾಗದಿದ್ದರೆ ಒತ್ತಡ ಏರಬಹುದು, ಸ್ವಂತ ಲೆನ್ಸಿಗೆ ಬೇಗ ಪೊರೆ ಬರಬಹುದು. ಕಾರ್ನಿಯಾದ ಒಳಪದರದ ಜೀವಕೋಶ ಕಡಿಮೆಯಾಗುತ್ತಿದೆಯಾ ಅಂತ ವರ್ಷ ವರ್ಷ ಹೋಗಿ ತೋರಿಸುತ್ತಿರಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಊರಿನಿಂದ, ಜೀವಮಾನವಿಡೀ. ನಮ್ಮ ಹುಡುಗ ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುವುದನ್ನೇ ಮರೆಯುವವನು.

"ಮಾವ, ಎಷ್ಟು ಕ್ವಿಂಟಾಲ್ ಆಗ್ತದೆ?" ಎಂದು ಅವನು ಅಡಿಕೆಯಲ್ಲೇ ಲೆಕ್ಕ ಕೇಳಿದ. ಐಸಿಎಲ್‌ಗೆ ಹೇಳಿದ ರೇಟು ಪಿಆರ್‌ಕೆಯ ಎರಡು ಪಟ್ಟಿಗೂ ಮೇಲಿತ್ತು. ಆರೋಗ್ಯ ವಿಮೆ ಇದೆಯಲ್ಲ ಅಂತ ಅಕ್ಕ ಅಂದಳು. 7.5ಕ್ಕಿಂತ ಕಡಿಮೆ ಪವರ್ ಇದ್ದರೆ ದೃಷ್ಟಿ ತಿದ್ದುವ ಖರ್ಚನ್ನು ಕೊಡದಿರಬಹುದು ಅನ್ನುವುದು ವಿಮೆಯ ಸಿದ್ಧ ಷರತ್ತುಗಳಲ್ಲೇ ಇದೆ. ಇನ್ನೂ ಒಂದೂವರೆ ಪವರ್ ಜಾಸ್ತಿ ಇರಬೇಕಿತ್ತು ಅಂತ ಅವಳು ಬೇಜಾರು ಮಾಡಿಕೊಂಡಳು, ಯಾವ ತಾಯಿಯೂ ಹಾಗೆ ಅಂದಿರಲಿಕ್ಕಿಲ್ಲ.

ಚೌತಿ ಕಳೆದ ಮೇಲೆ

ಪಿಆರ್‌ಕೆ ಅಂತ ಆಯಿತು. ಯಾವಾಗ ಅನ್ನುವುದು ಮುಂದಿನ ಪ್ರಶ್ನೆ. ಇದು ತೋಟದವರಿಗೆ ಮಾತ್ರ ಅರ್ಥವಾಗುವ ಪ್ರಶ್ನೆ. ಕಾರ್ನಿಯಾದ ಚರ್ಮ ಬೆಳೆಯುವ ತನಕ ಅದು ತೆರೆದ ಗಾಯ. ಗಿಡಮರದ ಕಸಕಡ್ಡಿ ತಾಗಿ ಕಣ್ಣಿಗೆ ಶಿಲೀಂಧ್ರದ ಹುಣ್ಣಾಗುವುದು ನಮ್ಮ ದೇಶದ ರೈತರಲ್ಲಿ ಹೊಸತೇನಲ್ಲ, ಹಾಗಾಗಿ ತೋಟದ ಕಡೆ ತಲೆ ಹಾಕುವಂತಿಲ್ಲ. ಕೊಯ್ಲಿನ ಕಾಲದಲ್ಲಿ ಸುಲಿಯುವ ಧೂಳು, ಬೇಯಿಸುವ ಹೊಗೆ. ಬೇಸಿಗೆಯಲ್ಲಿ ಸುಡುಬಿಸಿಲು. ಪಿಆರ್‌ಕೆ ಆದವರಿಗೆ ತಿಂಗಳುಗಟ್ಟಲೆ ಬಿಸಿಲಿನ ನೇರಳಾತೀತ ಕಿರಣ ಒಳ್ಳೆಯದಲ್ಲ, ಕಾರ್ನಿಯಾದಲ್ಲಿ ಮಬ್ಬು ಕಟ್ಟಬಹುದು. ಆರು ಪವರ್ ಇಳಿಸುವಾಗ ಆ ಮಬ್ಬಿನ ಸಾಧ್ಯತೆ ಜಾಸ್ತಿ. ಅದನ್ನು ತಡೆಯಲು ಆಪರೇಷನ್ ಹೊತ್ತಿಗೇ ಮೈಟೋಮೈಸಿನ್ ಎಂಬ ಔಷಧಿ ಹಚ್ಚುತ್ತಾರೆ. ಎರಡನೇ ಸಲದ ಮದ್ದು ಹೊಡೆದಾದ ಮೇಲೆ, ಕೊಯ್ಲು ಶುರುವಾಗುವ ಮೊದಲು ಸಿಗುವ ಸಂದು ಒಂದೇ. ಚೌತಿ ಕಳೆದ ಮೇಲೆ. ಮೋಡ ಇರುತ್ತದೆ, ಕೆಲಸ ಕಡಿಮೆ. ಹೋದ ವರ್ಷ ಆಗಲೇ ಮಾಡಿಸಿದೆವು.

ಮೊದಲ ಮೂರು ದಿನ ಅವನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಬ್ಯಾಂಡೇಜ್ ಲೆನ್ಸ್ ಹಾಕಿ ಕಳಿಸಿದ್ದರು. ಸೂಜಿಮೆಣಸು ಅರೆದ ಕೈಯಲ್ಲಿ ಕಣ್ಣು ಮುಟ್ಟಿಕೊಂಡ ಹಾಗಿದೆ ಅನ್ನುತ್ತಿದ್ದ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲಲ್ಲಿ ಮಲಗಿದ್ದ. ಲಾಸಿಕ್ ಆದ ಅವನ ಇನ್ನೊಬ್ಬ ಗೆಳೆಯ ಮಾರನೇ ದಿನವೇ ಓಡಾಡಿದ್ದ ಅಂತ ಅಕ್ಕ ನನ್ನನ್ನು ಗುರಾಯಿಸಿದಳು. ಐದಾರು ದಿನಕ್ಕೆ ಲೆನ್ಸ್ ತೆಗೆದರು, ನೋವು ಹೋಯಿತು. ಆದರೆ ದೃಷ್ಟಿ ಒಂದು ದಿನ ಚೆನ್ನಾಗಿದ್ದರೆ ಮಾರನೇ ದಿನ ಮಸುಕು. ಹದಕ್ಕೆ ಬರಲು ಎರಡು ತಿಂಗಳ ಮೇಲೇ ಹಿಡಿಯಿತು. ಸ್ಟೀರಾಯ್ಡ್ ಡ್ರಾಪ್ಸ್ ಇದ್ದುದರಿಂದ ಕಣ್ಣಿನ ಒತ್ತಡ ನೋಡಿಸಲು ಮತ್ತೆ ಮತ್ತೆ ಶಿವಮೊಗ್ಗಕ್ಕೆ ಓಡಾಟ. ವರ್ಷ ಕಳೆದ ಮೇಲೆ ನೋಡಿದರೆ ಪಿಆರ್‌ಕೆ ಮತ್ತು ಲಾಸಿಕ್‌ನ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಆ ಮೂರು ದಿನದ ನೋವಿಗೆ ಸಿಗುವುದು ಫ್ಲ್ಯಾಪ್ ಇಲ್ಲದ ಕಣ್ಣು. ಪೇಟೆಯಲ್ಲಿ ಕೂತು ಕೆಲಸ ಮಾಡುವ, ಕಾರ್ನಿಯಾ ದಪ್ಪ ಇರುವ ಹುಡುಗಿ ಕೇಳಿದ್ದರೆ ನಾನು ಲಾಸಿಕ್ ಅಥವಾ ಸ್ಮೈಲ್ ಮಾಡಿಸು, ಸುಮ್ನೆ ನೋವು ಯಾಕೆ ಅನ್ನುತ್ತಿದ್ದೆ.

ಈ ಆಷಾಢದಲ್ಲಿ ಅವನು ದೋಟಿ ಹಿಡಿದಾಗ ಮುಖಕ್ಕೆ ದೊಡ್ಡ ಪ್ಲಾಸ್ಟಿಕ್ ಗಾಗಲ್ ಇತ್ತು. ಅದು ಕನ್ನಡಕಕ್ಕಿಂತ ಜಾಸ್ತಿ ಮಂಜು ಕಟ್ಟುತ್ತದೆ ಅಂತ ಬೈದುಕೊಳ್ಳುತ್ತಿದ್ದ. ಆದರೆ ಕಿತ್ತು ಪಕ್ಕಕ್ಕಿಟ್ಟರೂ ಈಗ ಅವನಿಗೆ ದಾರಿ ಕಾಣುತ್ತದೆ. ಆಪರೇಷನ್ನಿನ ಹಿಂದಿನ ಅಳತೆಗಳಿದ್ದ ರಿಪೋರ್ಟನ್ನು ನಾನು ಪಹಣಿ, ಪತ್ರಗಳ ಜೊತೆ ಟ್ರಂಕಿನಲ್ಲಿಟ್ಟಿದ್ದೇನೆ. ಲೇಸರ್ ಆದ ಕಣ್ಣಿಗೆ ವಯಸ್ಸಾದ ಮೇಲೆ ಪೊರೆ ಆಪರೇಷನ್ ಮಾಡುವಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕ ತಪ್ಪುವುದು ಸುಲಭ, ಹಳೆಯ ಅಳತೆ ಇದ್ದರೆ ಅನುಕೂಲ. ಮೂವತ್ತು ವರ್ಷದ ಮೇಲೆ ಅವನಿಗೆ ನೆನಪಿರುತ್ತದಾ?

ಇಷ್ಟೆಲ್ಲ ಆದಮೇಲೆ, "ನೀವೂ ಮಾಡಿಸಿ ಮಾವ" ಎಂದು ಅವನು ಬೆನ್ನು ಹತ್ತಿದ್ದಾನೆ. ನನಗೆ 46, ಪವರ್ ಮೈನಸ್ ಎರಡೂವರೆ. ಅಂದರೆ ಕನ್ನಡಕ ತೆಗೆದರೆ 40 ಸೆಂಟಿಮೀಟರ್ ದೂರದಲ್ಲಿರುವುದು ಸ್ಪಷ್ಟ. ಪೇಪರ್ ಓದುವುದು, ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡುವುದು ಸರಿಯಾಗಿ ಆ ದೂರದಲ್ಲೇ. ನನ್ನ ವಯಸ್ಸಿನವರೆಲ್ಲ ಓದಲು ಚಾಳೀಸು ಹುಡುಕುವಾಗ ನಾನು ಕನ್ನಡಕ ಹಣೆಗೇರಿಸಿ ಓದುತ್ತೇನೆ. ಎರಡೂ ಕಣ್ಣನ್ನು ದೂರಕ್ಕೆ ಸರಿಮಾಡಿಸಿದರೆ ಆ ಸುಖ ಹೋಗುತ್ತದೆ, ಆಗ ಚಾಳೀಸು ತಪ್ಪುವುದಿಲ್ಲ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಇಡುವ ಉಪಾಯವೂ ಇದೆಯಂತೆ, ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಒಗ್ಗುತ್ತದಾ ನೋಡಬೇಕು ಎಂದರು ಡಾಕ್ಟರು. ನಾನು ಬೇಡ ಎಂದೆ. ಹೇಗೂ ಮುಂದೊಂದು ದಿನ ಪೊರೆ ಬರುತ್ತದೆ, ಆಗ ಒಳಗಿಡುವ ಲೆನ್ಸ್ ದೂರಕ್ಕೆ ಇರಲೋ ಹತ್ತಿರಕ್ಕೆ ಇರಲೋ ಅಂತ ಕೇಳುತ್ತಾರಂತೆ. ನಾನು ಹತ್ತಿರಕ್ಕೇ ಅನ್ನುವವನು. ನನ್ನ ಹೆಂಡತಿ ದೂರಕ್ಕೆ ಅನ್ನುತ್ತಾಳೆ. ಬೈಕಿನಲ್ಲಿ ನನ್ನ ಹಿಂದೆ ಕೂರುವವಳು ಅವಳು.